ಬದಲಿಸಲಾಗದ ಹೆಬ್ಬೆಟ್ಟು



ವೈಯಕ್ತಿಕ ಮಾಹಿತಿಯ ರಕ್ಷಣೆ ಎಂದ ಕೂಡಲೇ ‘ಒಟಿಪಿ ಯಾರಿಗೂ ಹೇಳಬೇಡಿ’ ಎನ್ನುವುದು ವಾಡಿಕೆ. ಆ ಮಾತು ಬೇಕೇ ಬೇಕು. ಆದರೆ ಒಟಿಪಿಯನ್ನೇ ಕೇಳದೆ ಹಣ ದೋಚಿದ ಪ್ರಕರಣಗಳು ನಮ್ಮ ರಾಜ್ಯದಲ್ಲೇ ನಡೆದಿವೆ. ಈ ಸಂಕಿರಣದ ಚರ್ಚೆ ಅಲ್ಲಿಂದಲೇ ಶುರುವಾಗಲಿ ಎಂಬುದು ನನ್ನ ಆಶಯ.

2023ರಲ್ಲಿ ಬೆಂಗಳೂರು, ಮಂಗಳೂರುಗಳಲ್ಲಿ ಆಸ್ತಿ ನೋಂದಣಿ ಮಾಡಿಸಿದ್ದ ಹಲವರ ಖಾತೆಗಳಿಂದ ದುಡ್ಡು ಹೋಯಿತು. ಅವರು ಯಾವ ಲಿಂಕನ್ನೂ ಒತ್ತಿರಲಿಲ್ಲ, ಯಾರಿಗೂ ಗುಟ್ಟು ಬಿಟ್ಟುಕೊಟ್ಟಿರಲಿಲ್ಲ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಸಿಗುತ್ತಿದ್ದ ಕ್ರಯಪತ್ರಗಳಲ್ಲಿ ಅವರ ಆಧಾರ್ ಸಂಖ್ಯೆಯಿತ್ತು, ಬೆರಳಚ್ಚೂ ಇತ್ತು. ವಂಚಕರು ಆ ಅಚ್ಚಿನ ನಕಲು ತಯಾರಿಸಿ, ಆಧಾರ್ ಆಧಾರಿತ ಪಾವತಿ ಯಂತ್ರದ ಮೇಲೆ ಒತ್ತಿದರು. ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳು ಇಷ್ಟಿದ್ದರೆ ಆ ಯಂತ್ರಕ್ಕೆ ಸಾಕು. ಒಂದು ಸಲಕ್ಕೆ 10,000 ರೂಪಾಯಿವರೆಗೆ ಕೊಡುತ್ತದೆ. ಸುದ್ದಿ ಹೊರಬಿದ್ದ ಮೇಲೆ ಸರ್ಕಾರ ಪತ್ರಗಳಲ್ಲಿನ ಬೆರಳಚ್ಚನ್ನು ಮರೆಮಾಡಲು ಕ್ರಮ ಕೈಗೊಂಡಿತು. ಪಾಸ್‌ವರ್ಡ್ ಕಳುವಾದರೆ ಹೊಸದು ಹಾಕಿಕೊಳ್ಳಬಹುದು. ಹೆಬ್ಬೆಟ್ಟಿಗೆ ಆ ದಾರಿಯಿಲ್ಲ.

ಹಾಗೆಂದು ಆ ಯಂತ್ರವನ್ನೇ ದೂರಲಾರೆ. ಅದಿರುವುದರಿಂದಲೇ ಮಳವಳ್ಳಿ ಕಡೆಯ ಹಳ್ಳಿಯ ಅಜ್ಜಿ ವೃದ್ಧಾಪ್ಯ ವೇತನಕ್ಕಾಗಿ ಪೇಟೆಯ ಬ್ಯಾಂಕಿಗೆ ಬಸ್ಸು ಹತ್ತಬೇಕಾಗಿಲ್ಲ. ಆಧಾರ್‌ನ ಬಯೋಮೆಟ್ರಿಕ್ ಲಾಕ್ ಮಾಡಿಕೊಂಡರೆ ಈ ಬಗೆಯ ಕಳ್ಳತನ ನಿಲ್ಲುತ್ತದೆ, ನಿಜ. ಆದರೆ ಹಣ ತೆಗೆಯಬೇಕಾದಾಗಲೆಲ್ಲ ಜೋಡಿಸಿದ ಮೊಬೈಲ್ ನಂಬರಿನ ಮೂಲಕ ಅದನ್ನು ತೆರೆಯಬೇಕು. ಅಜ್ಜಿಯ ಆಧಾರ್‌ಗೆ ಜೋಡಿಸಿದ ನಂಬರ್ ಬೆಂಗಳೂರಿನಲ್ಲಿ ದುಡಿಯುವ ಮಗನ ಫೋನಿನಲ್ಲಿದ್ದರೆ ಏನು ಮಾಡುವುದು? ತಂತ್ರಜ್ಞರು ಇಂದು ಉತ್ತರ ಹುಡುಕಬೇಕಾದದ್ದು ಇಂಥ ಪ್ರಶ್ನೆಗೆ.

ಒಟಿಪಿಯ ವಿಚಾರವೂ ಈಗ ಮೊದಲಿನಂತಿಲ್ಲ. ಪಿಎಂ ಕಿಸಾನ್ ಹೆಸರಿನಲ್ಲೋ ಮದುವೆ ಕರೆಯೋಲೆಯೆಂದೋ ವಾಟ್ಸ್ಆ್ಯಪ್‌ನಲ್ಲಿ ಎಪಿಕೆ ಫೈಲ್ ಬರುತ್ತದೆ. ಅದನ್ನು ಇನ್‌ಸ್ಟಾಲ್ ಮಾಡಿ ಎಸ್ಸೆಮ್ಮೆಸ್ ಓದಲು ಅನುಮತಿ ಕೊಟ್ಟರೆ, ಮುಂದೆ ಬರುವ ಒಟಿಪಿಗಳು ತಾವಾಗಿಯೇ ಕಳ್ಳನಿಗೆ ತಲುಪುತ್ತವೆ. ರೈತನನ್ನು ‘ಯಾಕಪ್ಪಾ ಹೇಳಿದೆ’ ಎಂದು ಗದರುವುದು ಅನ್ಯಾಯ. ಅವನು ಬಾಯಿಯೇ ಬಿಟ್ಟಿರುವುದಿಲ್ಲ.

ಮೋಸ ಹೋದವರು ನಾಚಿಕೆಯಿಂದ ಸುಮ್ಮನಾಗುವುದು ನನ್ನನ್ನು ಬಹಳವಾಗಿ ಕಾಡುತ್ತದೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಕ್ಷಣ ಕರೆ ಮಾಡಿದರೆ, ಹಣ ಖಾತೆಯಿಂದ ಖಾತೆಗೆ ಜಾರುವ ಮುನ್ನ ತಡೆಹಿಡಿಯುವ ಅವಕಾಶವಿದೆ. ತಪ್ಪು ಗ್ರಾಹಕನದೂ ಅಲ್ಲ, ಬ್ಯಾಂಕಿನದೂ ಅಲ್ಲ ಎಂಬಂಥ ವಂಚನೆಯನ್ನು ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕ ನಷ್ಟ ಹೊರಬೇಕಿಲ್ಲ ಎಂದು ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲೇ ಹೇಳಿದೆ. ಇದನ್ನು ಪ್ರತಿ ಶಾಖೆಯ ಗೋಡೆಯ ಮೇಲೂ ಕನ್ನಡದಲ್ಲಿ ಬರೆಸಬೇಕು.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಸಾರಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ಮೊಕದ್ದಮೆಯಲ್ಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಂತೂ ಮಾಹಿತಿ ಪಡೆದವರು ಅದಕ್ಕೆ ತಕ್ಕ ಭದ್ರತೆ ಒದಗಿಸದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಲು ಅವಕಾಶ ಕೊಟ್ಟಿದೆ. ಕೊಟ್ಟವರ ಎಚ್ಚರಕ್ಕಿಂತ ಪಡೆದವರ ಹೊಣೆ ದೊಡ್ಡದು ಎಂಬುದೇ ನನ್ನ ಖಚಿತ ನಿಲುವು. ಹಾಲಿನ ಬಟವಾಡೆಗೆ, ಕಬ್ಬಿನ ಬಿಲ್ಲಿಗೆ, ವಿದ್ಯಾರ್ಥಿವೇತನಕ್ಕೆ ಎಂದು ಜನ ಕೊಟ್ಟ ಆಧಾರ್ ಜೆರಾಕ್ಸ್‌ಗಳು ನಮ್ಮ ಕಚೇರಿಗಳ ಬೀರುಗಳಲ್ಲಿ ಕಟ್ಟುಕಟ್ಟಾಗಿ ಬಿದ್ದಿರುತ್ತವೆ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಸಾಕಾಗುವ ಕಡೆಯೂ ಪೂರ್ತಿ ಪ್ರತಿಯನ್ನೇ ಕೇಳುತ್ತೇವೆ.

ಸಹಕಾರ ಸಂಘ, ಬ್ಯಾಂಕು, ಕಾಲೇಜುಗಳಿಂದ ಬಂದಿರುವ ಮಿತ್ರರಲ್ಲಿ ಒಂದು ಮನವಿ: ನಾಳೆ ಕಚೇರಿಗೆ ಹೋದ ಕೂಡಲೇ ಆ ಬೀರು ತೆರೆಯಿರಿ. ಕಾನೂನಿನಂತೆ ಇಟ್ಟುಕೊಳ್ಳಲೇಬೇಕಾದ್ದಕ್ಕೆ ಬೀಗ ಹಾಕಿ, ಬೇಡದ್ದನ್ನು ಹರಿದು ನಾಶಮಾಡಿ.