ದಾರಿ ಬಿಡುವ ಓಣಿಗಳು

ಬೆಂಗಳೂರಿನ ಕೃಷ್ಣರಾಜಪುರ ಎಂದೊಡನೆ ಹಲವರಿಗೆ ನೆನಪಾಗುವುದು ಅಲ್ಲಿನ ಕೇಬಲ್ ಸೇತುವೆ. 2003ರಲ್ಲಿ ಸಂಚಾರಕ್ಕೆ ತೆರೆದ ಆ ಸೇತುವೆಯ ಬಳಿ 2023ರಿಂದ ಮೆಟ್ರೊ ಕೂಡ ಓಡುತ್ತಿದೆ. ಹಳೇ ಮದ್ರಾಸ್ ರಸ್ತೆಯಲ್ಲಿ ಬೆಳಗಿನಿಂದಲೇ ಅವಸರ.

ಅಲ್ಲಿಂದ ಹಳೆಯ ಊರಿನ ಓಣಿಗಳತ್ತ ಹೊರಳಿದರೆ ಹೆಜ್ಜೆ ತಾನಾಗಿಯೇ ನಿಧಾನವಾಗುತ್ತದೆ. ಹೊಸ್ತಿಲ ಮುಂದಿನ ರಂಗೋಲಿ ಅಳಿಯದಂತೆ ಬಳಸಿ ನಡೆಯಬೇಕು. ಸೊಪ್ಪಿನ ಬುಟ್ಟಿ ಹೊತ್ತವರು ಎದುರಾದರೆ ಗೋಡೆಗೆ ಒತ್ತಿ ನಿಲ್ಲಬೇಕು. ಆ ಕ್ಷಣದಲ್ಲಿ ಇಬ್ಬರೂ ಮುಖ ನೋಡಿಕೊಳ್ಳುತ್ತಾರೆ. ‘ನೀವು ಹೋಗಿ’ ಎಂಬ ಒಂದು ಮಾತು, ಒಂದು ಮುಗುಳ್ನಗೆ. ಅಷ್ಟರಲ್ಲೇ ಅಪರಿಚಿತರು ಸ್ವಲ್ಪ ಪರಿಚಿತರಾಗುತ್ತಾರೆ.

ಚೀನಾದ ಬೀಜಿಂಗ್‌ನಲ್ಲೂ ಇಂಥ ಓಣಿಗಳಿವೆ. ಅವಕ್ಕೆ ಹುಟಾಂಗ್ ಎನ್ನುತ್ತಾರೆ. ಅವುಗಳ ಮೊದಲ ವಿನ್ಯಾಸ 13ನೇ ಶತಮಾನದ್ದು. ಚಿಯಾನ್‌ಶಿ ಎಂಬ ಹುಟಾಂಗ್ ಒಂದೆಡೆ ಸುಮಾರು 40 ಸೆಂಟಿಮೀಟರ್‌ನಷ್ಟೇ ಅಗಲವಿದೆ. ಅಲ್ಲಿ ಇಬ್ಬರು ಎದುರಾದರೆ ಒಬ್ಬರು ಹಿಂದೆ ಸರಿಯಲೇಬೇಕು.

ಹಾಗೆ ಸರಿಯುವುದು ಸೋಲೇ? ಯೋಚಿಸಿ ನೋಡಿ. ಒಬ್ಬರು ಸರಿದದ್ದರಿಂದಲೇ ಇಬ್ಬರ ದಾರಿಯೂ ಸಾಗುತ್ತದೆ.

ಮನೆಯ ಮಾತುಕತೆಯಲ್ಲಿ, ಕಚೇರಿಯ ಚರ್ಚೆಯಲ್ಲಿ ನಮಗೂ ಇಂಥ ಇಕ್ಕಟ್ಟು ಎದುರಾಗುತ್ತದೆ. ಇಬ್ಬರ ಹಟಕ್ಕೂ ಒಮ್ಮೆಲೇ ಜಾಗವಿರುವುದಿಲ್ಲ. ಆಗ ಮೊದಲು ಸರಿಯುವವರು ನಾವಾಗೋಣ. ಎದುರಿನವರ ಮಾತು ಮುಗಿಯುವವರೆಗೆ ಕಾಯೋಣ. ಇವತ್ತು ಒಬ್ಬರಿಗಾದರೂ ಮನಸಾರೆ ದಾರಿ ಬಿಡೋಣ. ಅದರಿಂದ ನಮ್ಮ ದಿನವೂ ಹಗುರಾಗುತ್ತದೆ, ಅವರ ದಿನವೂ ಹಗುರಾಗುತ್ತದೆ.