ಕಣ್ಣು ಚೆನ್ನಾಗಿ ಕಾಣುವಾಗಲೇ ತಪಾಸಣೆ

ಸಕ್ಕರೆ ಕಾಯಿಲೆ ಕಣ್ಣಿಗೆ ತಾಗುತ್ತದೆ ಎಂಬುದು ಇವತ್ತು ಬಹಳ ಮಂದಿಗೆ ಗೊತ್ತು. ತಾಗಿದ್ದು ತಿಳಿಯುವುದು ಹೇಗೆ ಎಂದು ಕೇಳಿದರೆ, 'ದೃಷ್ಟಿ ಮಂಜಾದಾಗ' ಎನ್ನುವವರೇ ಹೆಚ್ಚು. ಈ ಕಣ್ಣಿನ ಕಾಯಿಲೆಯನ್ನು ಪತ್ತೆಮಾಡುತ್ತ ಬಂದ ನೂರೆಪ್ಪತ್ತು ವರ್ಷಗಳ ಚರಿತ್ರೆ ಹೇಳುವುದೇ ಬೇರೆ: ರೋಗಿಗೆ ತಿಳಿಯುವ ಎಷ್ಟೋ ಮೊದಲೇ ಅದು ನೋಡುವವರ ಕಣ್ಣಿಗೆ ಬೀಳುತ್ತದೆ.

1851ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಕಣ್ಣಿನೊಳಗೆ ನೋಡುವ ಉಪಕರಣವಾದ ಆಫ್ತಾಲ್ಮೋಸ್ಕೋಪನ್ನು ಲೋಕದ ಮುಂದಿಡುವ ತನಕ, ಬದುಕಿರುವ ಮನುಷ್ಯನ ಅಕ್ಷಿಪಟವನ್ನು ವೈದ್ಯರು ನೆಟ್ಟಗೆ ನೋಡುವಂತಿರಲಿಲ್ಲ. ಅದಾದ ಕೆಲವೇ ವರ್ಷಗಳಲ್ಲಿ ವಿಯೆನ್ನಾದ ಎಡ್ವರ್ಡ್ ಯೇಗರ್ ಸಕ್ಕರೆ ಕಾಯಿಲೆಯವರ ಅಕ್ಷಿಪಟದಲ್ಲಿ ಹಳದಿ ಕಲೆಗಳನ್ನೂ ರಕ್ತಸ್ರಾವವನ್ನೂ ಗುರುತಿಸಿದರು. ಆದರೆ ಇದಕ್ಕೆ ಸಕ್ಕರೆಯೇ ಕಾರಣ ಎನ್ನಲು ಪುರಾವೆ ಎಲ್ಲಿದೆ ಎಂದು ಫಾನ್ ಗ್ರೇಫೆಯಂಥ ಹೆಸರಾಂತ ನೇತ್ರತಜ್ಞರೇ ಕೇಳಿದರು. ಆ ಸಂಶಯವನ್ನು ಹಟವೆಂದು ತಳ್ಳಿಹಾಕುವುದು ಸರಿಯಲ್ಲ; ರಕ್ತದೊತ್ತಡ ಏರಿದವರ ಅಕ್ಷಿಪಟದಲ್ಲೂ ಇಂಥವೇ ಗುರುತುಗಳು ಕಾಣುತ್ತವೆ. 1922ರಲ್ಲಿ ಇನ್ಸುಲಿನ್ ಚಿಕಿತ್ಸೆ ಬಂದಿತು, ರೋಗಿಗಳ ಆಯುಸ್ಸು ಹೆಚ್ಚಿತು. ಬಹುಕಾಲ ಸಕ್ಕರೆ ಕಾಯಿಲೆಯೊಂದಿಗೆ ಬಾಳಿದವರಲ್ಲಿ ಈ ಕಣ್ಣಿನ ತೊಂದರೆ ಮತ್ತೆ ಮತ್ತೆ ಕಾಣಿಸಿತು. 1940ರ ದಶಕದಲ್ಲಿ ಗ್ಲಾಸ್ಗೋದ ಬ್ಯಾಲಂಟೈನ್ ಇದು ಸಣ್ಣ ರಕ್ತನಾಳಗಳ ಪ್ರತ್ಯೇಕ ಕಾಯಿಲೆಯೆಂದು ತೋರಿಸಿಕೊಟ್ಟರು. ಕಂಡದ್ದನ್ನು ಒಪ್ಪಿಕೊಳ್ಳಲು ವೈದ್ಯಲೋಕಕ್ಕೇ ಸುಮಾರು ತೊಂಬತ್ತು ವರ್ಷ ಹಿಡಿಯಿತು.

ಆಮೇಲಿನ ಹೆಜ್ಜೆಗಳು ಬಿರುಸಾದವು. 1961ರಲ್ಲಿ ಅಮೆರಿಕದ ನೊವೊಟ್ನಿ ಮತ್ತು ಆಲ್ವಿಸ್, ತೋಳಿನ ರಕ್ತನಾಳಕ್ಕೆ ಫ್ಲೋರೆಸೀನ್ ಬಣ್ಣ ಚುಚ್ಚಿ ಅಕ್ಷಿಪಟದ ಚಿತ್ರ ತೆಗೆಯುವ ವಿಧಾನವನ್ನು ಪ್ರಕಟಿಸಿದರು. ನಾಳ ಎಲ್ಲಿ ಸೋರುತ್ತಿದೆ ಎಂಬುದು ಹೊಳೆಯುವ ಬಣ್ಣದಲ್ಲೇ ಕಾಣುವಂತಾಯಿತು. 1991ರಲ್ಲಿ ಬಂದ ಓಸಿಟಿ ಎಂಬ ಸ್ಕ್ಯಾನ್ ವಿಧಾನ, ಸೂಜಿಯ ಗೊಡವೆಯಿಲ್ಲದೆ ಬೆಳಕಿನಿಂದಲೇ ಅಕ್ಷಿಪಟದ ಪದರಗಳನ್ನು ಬಿಡಿಸಿ ತೋರಿಸಿತು. ಇಷ್ಟಾದರೂ ಪರೀಕ್ಷೆಯ ತಿರುಳು ಹಳೆಯದೇ. ಹನಿ ಹಾಕಿ ಪಾಪೆ ಹಿಗ್ಗಿಸಿ ಒಳಗೆ ಇಣುಕಿದಾಗ ಮೊದಲು ಸಿಗುವುದು ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು, ಅಂದರೆ ಉಬ್ಬಿದ ಕಿರುನಾಳಗಳು. ಆ ಹಂತದಲ್ಲಿ ರೋಗಿ ಗೋಡೆಯ ಮೇಲಿನ ಕೊನೆಯ ಸಾಲಿನ ಅಕ್ಷರವನ್ನೂ ಸಲೀಸಾಗಿ ಓದಬಲ್ಲ.

'ನನ್ನ ಸಕ್ಕರೆ ಹತೋಟಿಯಲ್ಲಿದೆ, ನನಗೇಕೆ?' ಎಂಬ ಪ್ರಶ್ನೆ ಸಹಜ. ಹತೋಟಿ ಅಪಾಯವನ್ನು ತಗ್ಗಿಸುತ್ತದೆ ನಿಜ, ಅಳಿಸಿಹಾಕುವುದಿಲ್ಲ. ಕಾಯಿಲೆ ಹಳೆಯದಾದಷ್ಟೂ ಅಪಾಯ ಬೆಳೆಯುತ್ತದೆ. ಹಳ್ಳಿಯಲ್ಲಿ ಅಕ್ಷಿಪಟ ತಜ್ಞರು ಎಲ್ಲಿ ಸಿಗಬೇಕು ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಅದಕ್ಕೂ ಈಗ ಅರ್ಧ ಉತ್ತರವಿದೆ. ಎಲ್ಲಿಗೆ ಬೇಕಾದರೂ ಒಯ್ಯಬಹುದಾದ ಕಣ್ಣಿನ ಕ್ಯಾಮೆರಾಗಳು ಬೆಂಗಳೂರಿನಲ್ಲೇ ತಯಾರಾಗುತ್ತಿವೆ. ಚಿತ್ರ ನೋಡಿ ತಾನಾಗಿಯೇ ತೀರ್ಪು ಕೊಡುವ ತಂತ್ರಾಂಶಕ್ಕೆ 2018ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಯಂತ್ರ ಮಾಡುವುದು ಜರಡಿಯ ಕೆಲಸ. ಚಿಕಿತ್ಸೆಗೆ ವೈದ್ಯರೇ ಬೇಕು.

ಟೈಪ್ 2 ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾದ ಕೂಡಲೇ ಒಮ್ಮೆ, ಆಮೇಲೆ ವೈದ್ಯರು ಬೇರೆ ಹೇಳದಿದ್ದರೆ ವರ್ಷಕ್ಕೊಮ್ಮೆ, ಪಾಪೆ ಹಿಗ್ಗಿಸಿ ಕಣ್ಣು ತೋರಿಸಿಕೊಳ್ಳಿ. ಹನಿಯಿಂದ ಕೆಲವು ಗಂಟೆ ನೋಟ ಮಬ್ಬಾಗಿರುತ್ತದೆ. ಜೊತೆಗೆ ಮನೆಯವರೊಬ್ಬರನ್ನು ಕರೆದೊಯ್ಯಿರಿ.