ಅಜ್ಜಿಯ ಟೊಮೆಟೊ ಯಾವುದು? ಬೀಜದ ಕವರಿನ ಮೇಲೆ ಏನು ಬರೀಬೇಕು?

 

ನಾನು ಕೃಷಿ ವಿಜ್ಞಾನಿ ಅಲ್ಲ, ಡೇಟಾಬೇಸ್ ಕೆಲಸ ಮಾಡೋನು. ಹದಿನಾಲ್ಕು ವರ್ಷದಿಂದ ಪುಣೆಯಲ್ಲಿದ್ದೀನಿ. ಬಾಲ್ಕನಿಯಲ್ಲಿ ಹನ್ನೆರಡು ಗ್ರೋ ಬ್ಯಾಗ್ ಇವೆ. ನನ್ನ ಜಮೀನು ಅಷ್ಟೇ. (ನಗು) ಇವತ್ತು ಆ ಜಮೀನಿನಲ್ಲಿ ನಾನು ಮಾಡಿದ ಒಂದು ತಪ್ಪಿನ ಬಗ್ಗೆ ಹೇಳ್ತೀನಿ.

ಅರಸೀಕೆರೆ ಕಡೆ ನಮ್ಮ ಅಜ್ಜಿ ಮನೆ. ಹಿತ್ತಲಲ್ಲಿ, ಬಚ್ಚಲ ನೀರು ಹರಿಯೋ ಜಾಗದಲ್ಲಿ, ಟೊಮೆಟೊ ಗಿಡ ಇರ್ತಿತ್ತು. ಚಪ್ಪಟೆ ಹಣ್ಣು, ಮೈತುಂಬಾ ಏಣು, ಒಳ್ಳೆ ಹುಳಿ. ಸಾರಿಗೆ ಎರಡು ಹಣ್ಣು ಹಾಕಿದ್ರೆ ಹುಣಸೆಹಣ್ಣು ಬೇಕಿರಲಿಲ್ಲ. ಅಜ್ಜಿ ಹೋದ ಮೇಲೆ ಅಟ್ಟದ ಮೇಲೆ ಬೂದಿ ಬೆರೆಸಿ ಕಟ್ಟಿಟ್ಟಿದ್ದ ಬೀಜದ ಗಂಟು ಸಿಕ್ಕಿತು. ಪುಣೆಗೆ ತಂದು ಬಿತ್ತಿದೆ, ಮೊಳೆಯಿತು. ಆ ಖುಷಿಯಲ್ಲಿ ಕವರಿನ ಮೇಲೆ ಎರಡೇ ಪದ ಬರೆದೆ: 'ಅಜ್ಜಿ ಟೊಮೆಟೊ'. ಮುಂದಿನ ವರ್ಷ ತೆಗೆದ ಬೀಜವನ್ನೂ ಅದೇ ಕವರಿಗೆ ಸುರಿದೆ. ಬೀಜ ವಿನಿಮಯದಲ್ಲಿ ಆರು ಜನಕ್ಕೆ ಹಂಚಿದೆ.

ಮೂರನೇ ವರ್ಷ ಇಬ್ಬರು ಫೋಟೊ ಕಳಿಸಿದ್ರು. ಎರಡೂ ಚಪ್ಪಟೆ, ಎರಡಕ್ಕೂ ಏಣು. ಆದರೆ ಒಂದರಲ್ಲಿ ಹಣ್ಣಾಗೋ ಮುಂಚೆ ತೊಟ್ಟಿನ ಸುತ್ತ ಗಾಢ ಹಸಿರು, ಇನ್ನೊಂದು ಮೇಲಿಂದ ಕೆಳಗೆ ಒಂದೇ ಬಣ್ಣ. "ನಿಮ್ಮ ಅಜ್ಜಿಯದು ಯಾವುದು?" ಅಂತ ಕೇಳಿದ್ರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಪ್ರೈಮರಿ ಕೀ ಇಲ್ಲ, ದಿನಾಂಕ ಇಲ್ಲ, ಎರಡು ವರ್ಷದ ಬೀಜ ಒಂದೇ ಕವರಿನಲ್ಲಿ. ಆಫೀಸಲ್ಲಿ ಜೂನಿಯರ್ ಯಾರಾದ್ರೂ ಹೀಗೆ ಟೇಬಲ್ ಮಾಡಿದ್ದರೆ ನಾನೇ ಬೈತಿದ್ದೆ.

ಆಮೇಲೆ ಓದೋಕೆ ಶುರು ಮಾಡಿದೆ. ಹಳೇ ತಳಿಯ ಬೀಜ ಹಂಚೋರು ಈ ಸಮಸ್ಯೆಯನ್ನ ಹೇಗೆ ನಿಭಾಯಿಸ್ತಾರೆ ಅಂತ. ಅಮೆರಿಕದಲ್ಲಿ 1975ರಲ್ಲಿ ಡಯಾನ್ ಮತ್ತು ಕೆಂಟ್ ವೀಲಿ ದಂಪತಿ ಶುರು ಮಾಡಿದ ಸೀಡ್ ಸೇವರ್ಸ್ ಎಕ್ಸ್‌ಚೇಂಜ್ ಇದೆ. ಡಯಾನ್ ಅವರ ಅಜ್ಜ ಕೊಟ್ಟಿದ್ದ ಬೀಜಗಳೇ ಅದಕ್ಕೆ ಮೂಲ. ಅದರಲ್ಲಿ ಒಂದು 'ಜರ್ಮನ್ ಪಿಂಕ್' ಟೊಮೆಟೊ, ಅವರ ಮನೆಯವರು 19ನೇ ಶತಮಾನದಲ್ಲಿ ಬವೇರಿಯಾದಿಂದ ತಂದದ್ದು. ವಲಸೆ ಬಂದವರ ಕೈಯಲ್ಲಿ ಬಂದ ಬೀಜ. ನಮ್ಮ ಕಥೆ ಥರಾನೇ ಅಲ್ವಾ?

ಅಲ್ಲಿಯವರು ಬೇಗ ಕಲಿತ ಪಾಠ ಏನಂದ್ರೆ, ಹೆಸರನ್ನ ನಂಬಬೇಡಿ. 'ಬ್ರ್ಯಾಂಡಿವೈನ್' ತಗೊಳ್ಳಿ. 1889ರ ಸುಮಾರಿಗೆ ಬೀಜದ ಕಂಪನಿಯೊಂದು ಮಾರಿದ ಬ್ರ್ಯಾಂಡಿವೈನ್ ಕೆಂಪು ಹಣ್ಣಿನದು, ಎಲೆ ಮಾಮೂಲಿ. ಇವತ್ತು ಜನ ಹುಡುಕಿಕೊಂಡು ಹೋಗೋ ಬ್ರ್ಯಾಂಡಿವೈನ್ ಗುಲಾಬಿ ಹಣ್ಣಿನದು, ಎಲೆ ಆಲೂಗಡ್ಡೆ ಎಲೆಯ ಹಾಗೆ ಅಗಲ. ಹೆಸರು ಒಂದೇ, ಗಿಡ ಬೇರೆ. 'ಮಾರ್ಟ್‌ಗೇಜ್ ಲಿಫ್ಟರ್' ಅನ್ನೋ ಹೆಸರಲ್ಲೂ ಒಂದಕ್ಕಿಂತ ಹೆಚ್ಚು ತಳಿ ಇವೆ. ನೇಮ್‌ಸ್ಪೇಸ್ ಇಲ್ಲದ ಕೋಡ್ ಹಾಗೆ.

ಅದಕ್ಕೆ ಕ್ರೇಗ್ ಲೆಹೂಲಿಯರ್ ಮತ್ತು ಕ್ಯಾರೊಲಿನ್ ಮೇಲ್ ಅನ್ನೋ ಇಬ್ಬರು ಬೆಳೆಗಾರರು ಹಳೇ ತಳಿಗಳನ್ನ ನಾಲ್ಕು ಗುಂಪು ಮಾಡಿದ್ರು. ಮನೆತನದಲ್ಲಿ ಕೈಯಿಂದ ಕೈಗೆ ಬಂದವು. 1940ಕ್ಕೆ ಮುಂಚೆ ಕಂಪನಿಗಳು ಮಾರಿದವು. ಗೊತ್ತಿರೋ ಎರಡು ತಳಿಗಳನ್ನ ಬೇಕಂತಲೇ ಕೂಡಿಸಿ, ತಲೆಮಾರು ತಲೆಮಾರು ಆರಿಸಿ ಸ್ಥಿರ ಮಾಡಿದವು. ಕೊನೆಗೆ, ತಾನಾಗಿ ಬೆರಕೆಯಾಗಿ ಹುಟ್ಟಿದವು. ಗಮನಿಸಿ, ಈ ವಿಂಗಡಣೆ ಹಣ್ಣಿನ ರೂಪದ ಮೇಲೆ ಅಲ್ಲ, ಬೀಜ ಬಂದ ದಾರಿಯ ಮೇಲೆ.

ದಾರಿ ಬರೆದಿಟ್ಟರೆ ಏನಾಗುತ್ತೆ ಅನ್ನೋಕೆ ಒಂದು ಉದಾಹರಣೆ. 1990ರಲ್ಲಿ ಲೆಹೂಲಿಯರ್ ಅವರಿಗೆ ಟೆನ್ನೆಸಿಯಿಂದ ಒಂದು ಪತ್ರ, ಜೊತೆಗೆ ಹೆಸರಿಲ್ಲದ ಬೀಜ. ನೂರು ವರ್ಷಕ್ಕೂ ಹಿಂದೆ ಚೆರೋಕಿ ಜನರಿಂದ ಬಂದದ್ದು ಅಂತ ಅದರಲ್ಲಿತ್ತು. ಅವರು ಬೆಳೆದು ನೋಡಿ 'ಚೆರೋಕಿ ಪರ್ಪಲ್' ಅಂತ ಹೆಸರಿಟ್ಟು ಹಂಚಿದ್ರು. ಇವತ್ತು ಅದು ಬಹಳ ಪ್ರಸಿದ್ಧ. ನೂರು ವರ್ಷದ ಮಾತು ಕೇಳಿದ್ದು, ಪರ್ಪಲ್ ಬಣ್ಣ ಕಣ್ಣಲ್ಲಿ ನೋಡಿದ್ದು. ಎರಡನ್ನೂ ಬರೀಬೇಕು, ಆದರೆ ಬೇರೆ ಬೇರೆ ಕಾಲಂನಲ್ಲಿ.

ನೋಡೋದು ಅಂದ್ರೆ ಏನು ನೋಡಬೇಕು? ಮೊದಲು ಎಲೆ: ಅಂಚು ಕತ್ತರಿಸಿದ ಹಾಗಿರೋ ಮಾಮೂಲಿ ಎಲೆಯೋ, ಆಲೂಗಡ್ಡೆ ಎಲೆಯೋ. ಸಸಿ ಇದ್ದಾಗಲೇ ಗೊತ್ತಾಗುತ್ತೆ. ಆಮೇಲೆ ಬೆಳವಣಿಗೆ: ಒಂದು ಎತ್ತರಕ್ಕೆ ನಿಲ್ಲುತ್ತೋ, ಬಳ್ಳಿ ಹಾಗೆ ಬೆಳೀತಾನೇ ಇರುತ್ತೋ. ಮೂರನೇದು ಸಿಪ್ಪೆ. ಬಿಸಿನೀರಿಗೆ ಹಾಕಿ ಸುಲಿದು ಬೆಳಕಿಗೆ ಹಿಡೀರಿ. ತಿರುಳು ಕೆಂಪಿದ್ದು ಸಿಪ್ಪೆ ಹಳದಿಯಾದ್ರೆ ಹಣ್ಣು ಕೆಂಪಗೆ ಕಾಣುತ್ತೆ, ಸಿಪ್ಪೆಗೆ ಬಣ್ಣವೇ ಇಲ್ಲದಿದ್ರೆ ಗುಲಾಬಿ. ನಾಲ್ಕನೇದು ಹೆಗಲು, ಅಂದ್ರೆ ತೊಟ್ಟಿನ ಸುತ್ತಲ ಭಾಗ. ಹಣ್ಣೆಲ್ಲ ಒಂದೇ ಬಣ್ಣ ಇರಲಿ ಅಂತ ವಾಣಿಜ್ಯ ತಳಿಗಳಲ್ಲಿ ಹಸಿರು ಹೆಗಲನ್ನ ತೆಗೆದು ಹಾಕಿದ್ರು. ಆ ಆಯ್ಕೆಯಿಂದ ಹಣ್ಣಿನ ಸಕ್ಕರೆಯೂ ಕಮ್ಮಿಯಾಗಿದೆ ಅಂತ 2012ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಸಂಶೋಧನೆ ತೋರಿಸ್ತು.

ಈಗ ನನ್ನ ಎರಡು ಫೋಟೊಗೆ ವಾಪಸ್ ಬರೋಣ. ಟೊಮೆಟೊ ಹೂವು ಹೆಚ್ಚಾಗಿ ತನ್ನಲ್ಲೇ ಪರಾಗಸ್ಪರ್ಶ ಮಾಡಿಕೊಳ್ಳುತ್ತೆ. ಹಾಗಂತ ಜೇನು ಸುಮ್ಮನಿರಲ್ಲ. ಅಜ್ಜಿ ಗಿಡದ ಪಕ್ಕದಲ್ಲೇ ನಾನು ಅಂಗಡಿ ಬೀಜದ ಟೊಮೆಟೊನೂ ಇಟ್ಟಿದ್ದೆ. ಬೆರಕೆಯಾಗಿದ್ದರೆ ಮೊದಲ ತಲೆಮಾರಲ್ಲಿ ಹಸಿರು ಹೆಗಲೇ ಕಾಣುತ್ತೆ. ಒಂದೇ ಬಣ್ಣದ ಗುಣ ಅಡಗಿ ಕೂತು, ಅದರ ಮುಂದಿನ ತಲೆಮಾರಲ್ಲಿ ಕೆಲವು ಗಿಡಗಳಲ್ಲಿ ಹೊರಬರುತ್ತೆ. ಸರಿಯಾಗಿ ಮೂರನೇ ವರ್ಷ! ಅಥವಾ ಅಜ್ಜಿ ಹಿತ್ತಲಲ್ಲೇ ಎರಡೂ ಇದ್ದಿರಬಹುದು.

ಅಮ್ಮನಿಗೆ ಫೋನ್ ಮಾಡಿದೆ. "ತೊಟ್ಟಿನ ಹತ್ರ ಹಸಿರಾಗಿ ಗಟ್ಟಿ ಇರ್ತಿತ್ತು ಕಣೋ, ಅಷ್ಟು ಕೊಯ್ದು ತೆಗೆದೇ ಸಾರಿಗೆ ಹಾಕ್ತಿದ್ವಿ" ಅಂದ್ರು. ಚಿಕ್ಕಪ್ಪ "ಇಲ್ಲಪ್ಪ, ಪೂರ್ತಿ ಕೆಂಪಗಿರ್ತಿತ್ತು" ಅಂದ್ರು. ಇಬ್ಬರ ಮಾತನ್ನೂ ದಿನಾಂಕ ಹಾಕಿ ಬರೆದುಕೊಂಡೆ. ಈಗ ನನ್ನ ಹತ್ತಿರ ಎರಡು ಕವರ್ ಇವೆ, ಎ ಮತ್ತು ಬಿ. ಎರಡರ ಮೇಲೂ 'ಅಜ್ಜಿಯದು ಇರಬಹುದು' ಅಂತಿದೆ. ನನಗೆ ಅಮ್ಮನ ಮಾತೇ ಸರಿ ಅನ್ಸುತ್ತೆ, ಅಡಿಗೆ ಮಾಡಿದ ಕೈ ಅದು. ಆದರೆ ಅನ್ಸೋದನ್ನ ನಾನು ಹೆಸರು ಮಾಡಲ್ಲ. ಇನ್ನೊಂದು ಸಲ ಅದೇ ತಪ್ಪು ಬೇಡ.

ಒಂದು ಮಾತು. ನಮ್ಮಲ್ಲಿ ಬೀಜ ಹಂಚುವಾಗ 'ನಾಟಿ' ಅಂತಲೋ 'ಜವಾರಿ' ಅಂತಲೋ ಬರೆದು ಕೊಡ್ತೀವಿ. ಅದು ತಳಿಯ ಹೆಸರಲ್ಲ, ನಮ್ಮೂರಿಂದು ಅನ್ನೋ ಪ್ರೀತಿ. ಪುಣೆಯಲ್ಲಿ ಬಿತ್ತೋನಿಗೆ ಯಾವ ಊರು ಅನ್ನೋದು ಗೊತ್ತಾಗಬೇಕಲ್ಲ?

ಹಾಗಾಗಿ ಕವರಿನ ಮೇಲೆ ಇಷ್ಟು ಬರೀರಿ. ಯಾರಿಂದ, ಯಾವ ಊರಿಂದ ಬಂತು. ಅವರು ಅದನ್ನ ಏನಂತ ಕರೀತಿದ್ರು. ಯಾವ ವರ್ಷ ಬೆಳೆದದ್ದು, ಎಷ್ಟು ಗಿಡದಿಂದ ತೆಗೆದದ್ದು, ಪಕ್ಕದಲ್ಲಿ ಬೇರೆ ಟೊಮೆಟೊ ಇತ್ತೋ. ಎಲೆ, ಬೆಳವಣಿಗೆ, ಸಿಪ್ಪೆ, ಹೆಗಲು. ಪ್ರತಿ ವರ್ಷಕ್ಕೆ ಹೊಸ ಕವರ್, ಹಳೇದರಲ್ಲಿ ಸ್ವಲ್ಪ ಬೀಜ ಉಳಿಸಿಕೊಳ್ಳಿ. ಬ್ಯಾಕಪ್ ಬಗ್ಗೆ ನಿಮಗೆ ನಾನು ಹೇಳಬೇಕಾ? (ನಗು)

ಬೀಜ ತಪ್ಪಿಹೋದ್ರೆ ಊರಲ್ಲಿ ಇನ್ಯಾರ ಹಿತ್ತಲಲ್ಲಾದ್ರೂ ಸಿಗಬಹುದು. ಆದರೆ ಸಿಕ್ಕಿದ್ದು ಅದೇ ಅಂತ ಗುರುತಿಸೋರು ಬೇಕು. ನಮ್ಮಮ್ಮನಿಗೆ ಈಗ ಎಪ್ಪತ್ತೆರಡು. ಈ ಭಾನುವಾರ ಮನೆಗೆ ಫೋನ್ ಮಾಡಿದಾಗ ಊಟ ಆಯ್ತಾ ಅಂತ ಕೇಳಿದ ಮೇಲೆ, ಹಿತ್ತಲಲ್ಲಿ ಏನೇನಿತ್ತು, ಹೇಗಿತ್ತು ಅಂತಲೂ ಕೇಳಿ. ಕೈಯಲ್ಲಿ ಪೆನ್ನು ಇರಲಿ.